ಕೊಳದ ಪರದೆಯ ನಂಜಪ್ಪನವರು

ಯಾವ ಜಾಗಕ್ಕೆ ಕರೆದುಕೊಂಡು ಹೋದರೂ ನಂಜಪ್ಪನವರು ಮೊದಲು ಒಂದು ಕಣ್ಣು ಮುಚ್ಚಿ ಅದನ್ನು ಅಳೆಯುವವರಂತೆ ನೋಡುತ್ತಿದ್ದರು. ಆಮೇಲೆ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: “ಇಲ್ಲಿ ಪಾತ್ರಧಾರಿ ಎಲ್ಲಿ ನಿಲ್ತಾನೆ?”

ಅಮೆರಿಕದಲ್ಲಿ ನಾವಿದ್ದ ಊರಿನ ಹತ್ತಿರ, ಪೊಟೋಮ್ಯಾಕ್ ನದಿ ಬಂಡೆಗಳ ಮೇಲೆ ಧುಮುಕುವಲ್ಲಿಗೆ ಕರೆದೊಯ್ದಿದ್ದೆವು. ಸುತ್ತ ಜನ ಬೆರಗಾಗಿ ಫೋಟೋ ತೆಗೆಯುತ್ತಿದ್ದರು. ಇವರು ಕಣ್ಣು ಮುಚ್ಚಿ, ಕಣ್ಣು ತೆಗೆದು, “ಎಲ್ಲಾ ಸರಿ ತಾಯಿ, ನೀರು ಜಾಸ್ತಿಯಾಯ್ತು. ಪಾತ್ರಧಾರಿಗೆ ಕಾಲಿಡೋಕೆ ಜಾಗವೇ ಬಿಟ್ಟಿಲ್ವಲ್ಲ!” ಎಂದರು. ಅದೇ ನಮ್ಮೂರು ಹರ್ನ್‌ಡನ್ನಿನ ಇಂಡಿಯನ್ ಗ್ರೋಸರಿ ಅಂಗಡಿಯ ಪಾರ್ಕಿಂಗ್ ಲಾಟು ಅವರಿಗೆ ತುಂಬ ಹಿಡಿಸಿತ್ತು. “ಇದು ಜಾಗ ಅಂದ್ರೆ! ಒಂದು ಸೈನ್ಯಾನೇ ನಿಲ್ಲಿಸಬಹುದು.”

ಅವರು ನಮ್ಮ ಪಕ್ಕದ ಟೌನ್‌ಹೌಸಿನ ಶೈಲಾಳ ತಂದೆ. ೨೦೦೩ರ ಏಪ್ರಿಲ್‌ನಲ್ಲಿ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಮೂವತ್ತೈದು ವರ್ಷ ಮೈಸೂರು ಸೀಮೆಯ ನಾಟಕದ ಕಂಪನಿಗಳಲ್ಲಿ ಪರದೆ ಬರೆದವರು. ಕಾಡಿನ ಪರದೆ, ಅರಮನೆ ಪರದೆ, ಬೀದಿ ಪರದೆ, ಎಲ್ಲವೂ ಅವರ ಕೈಯಿಂದ ಬಂದಿದ್ದವು. ಕಂಪನಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಅಂಗಡಿ ಬೋರ್ಡು, ಮದುವೆ ಮಂಟಪದ ಹಿಂಬದಿ ಬರೆದು ಮಗಳನ್ನು ಓದಿಸಿದ್ದರು. ಎಪ್ಪತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಬಿಳಿ ಪಂಚೆ, ಅದರ ಮೇಲೆ ಅಳಿಯನ ದಪ್ಪ ಸ್ವೆಟರು, ಸ್ವೆಟರಿನ ಮೇಲೆ ಹೆಗಲಿಗೆ ಕೆಂಪಂಚಿನ ಟವಲು. ಆ ಟವಲು ಇಲ್ಲದೆ ಅವರನ್ನು ನಾನು ನೋಡಿಲ್ಲ. ಅದರಲ್ಲಿ ಕೈ ಒರೆಸುತ್ತಿದ್ದರು, ಬ್ರಷ್ಷು ಒರೆಸುತ್ತಿದ್ದರು, ಗೋಡೆಯ ಅಗಲವನ್ನು ಅಳೆಯುತ್ತಿದ್ದರು, ಬಸ್ಸಿನಲ್ಲಿ ನನಗೆ ಸೀಟು ಹಿಡಿಯುತ್ತಿದ್ದರು. ಟವಲು ಹಾಸಿ ಸೀಟು ಹಿಡಿಯುವುದು ವರ್ಜೀನಿಯಾದ ಜನಕ್ಕೆ ಅರ್ಥವಾಗುತ್ತಿರಲಿಲ್ಲ ಎನ್ನುವುದು ಬೇರೆ ವಿಷಯ.

ನಾನಾಗ ಡಿಪೆಂಡೆಂಟ್ ವೀಸಾದವಳು. ಮೈಸೂರಿನಲ್ಲಿ ಕಾಲೇಜು ಹುಡುಗಿಯರಿಗೆ ಭೂಗೋಳ ಹೇಳಿಕೊಡುತ್ತಿದ್ದವಳು ಇಲ್ಲಿ ಕೆಲಸ ಮಾಡುವಂತಿರಲಿಲ್ಲ. ಗಂಡ ಪ್ರಕಾಶ ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಏಳಕ್ಕೆ ಬರುತ್ತಿದ್ದ. ಉಳಿದ ಹನ್ನೆರಡು ಗಂಟೆ ನಾನು, ಫ್ರಿಜ್ಜು, ಮತ್ತು ಕಿಟಕಿ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಶೈಲಾ ಒಂದು ದಿನ ಬಂದು, “ಸುಧಾ, ಅಪ್ಪ ಮನೇಲಿ ಕೂತು ಕೂತು ಬೋರ್ ಆಗಿದಾರೆ ಕಣೆ. ನೀನು ಹೇಗೂ ಫ್ರೀ ಇದೀಯಲ್ಲ, ಎಲ್ಲಾದ್ರೂ ಕರ್ಕೊಂಡು ಹೋಗ್ತೀಯಾ?” ಎಂದಳು. “ಫ್ರೀ ಇದೀಯಲ್ಲ” ಎಂಬ ಮಾತಿಗೆ ಒಳಗೊಳಗೇ ಉರಿದುಕೊಂಡೇ ಒಪ್ಪಿದೆ. ಆ ಉರಿಯಿಂದ ನನಗೆ ಒಳ್ಳೆಯದೇ ಆಯಿತು.

ವಾಷಿಂಗ್ಟನ್ನಿನ ದೊಡ್ಡ ಚಿತ್ರಶಾಲೆಗೆ ಪ್ರವೇಶ ಉಚಿತ. ಪ್ರತಿ ಬುಧವಾರ ಬಸ್ಸು, ಮೆಟ್ರೋ ಹಿಡಿದು ಇಬ್ಬರೂ ಹೋಗತೊಡಗಿದೆವು. ದೇವರು, ರಾಜರು, ದೊಡ್ಡ ಕುಪ್ಪಸದ ರಾಣಿಯರು ಇರುವ ಕೋಣೆಗಳನ್ನು ಅವರು ದೂರದ ನೆಂಟರ ಮನೆ ದಾಟುವ ಹಾಗೆ ದಾಟಿಬಿಡುತ್ತಿದ್ದರು. ನಿಲ್ಲುತ್ತಿದ್ದುದು ಬಯಲು, ಬೆಟ್ಟ, ಮರ, ನದಿಗಳ ಚಿತ್ರದ ಮುಂದೆ ಮಾತ್ರ. ಚಿತ್ರಕಾರರ ಹೆಸರುಗಳಿಗೆ ಅವರ ನಾಲಿಗೆ ಹೊರಳುತ್ತಿರಲಿಲ್ಲ, ಹಾಗಾಗಿ ತಾವೇ ನಾಮಕರಣ ಮಾಡಿದರು. ಮುಕ್ಕಾಲು ಪಾಲು ಆಕಾಶವನ್ನೇ ಬರೆದು ಕೆಳಗೊಂದು ಚೂರು ನೆಲ ಇಟ್ಟಿದ್ದ ಡಚ್ಚಿನವನು ‘ಮೋಡಪ್ಪ’. ಮಳೆ ನಿಂತ ಮೇಲಿನ ಹೊಲಗಳನ್ನು ಬರೆದ ಇಂಗ್ಲಿಷಿನವನು ‘ತೇವದ ದೊರೆ’. ಎಡಬಲದಲ್ಲಿ ಕಪ್ಪು ಮರಗಳನ್ನು ನಿಲ್ಲಿಸಿ ನಡುವೆ ಬಂಗಾರದ ಬೆಳಕು ಚೆಲ್ಲಿದ್ದ ಫ್ರೆಂಚಿನವನ ಮುಂದೆ ನಿಂತಾಗಲಂತೂ ಅವರಿಗೆ ಹಳೆಯ ಸ್ನೇಹಿತ ಸಿಕ್ಕಷ್ಟು ಖುಷಿ.

“ನೋಡಿ ತಾಯಿ, ಈ ಕಡೆ ಒಂದು ಸೈಡ್ ವಿಂಗು, ಆ ಕಡೆ ಒಂದು ಸೈಡ್ ವಿಂಗು. ಮಧ್ಯ ಖಾಲಿ. ಇವನು ಯಾವುದೋ ಕಂಪನೀಲಿ ಕೆಲಸ ಮಾಡಿದೋನೇ, ಬರೆದಿಟ್ಕೊಳ್ಳಿ!”

ಅಗಲ ಅಳೆಯಲು ಟವಲು ತೆಗೆದರು. ಕಾವಲಿನವನು ಓಡಿ ಬಂದು, “ಸ್ಟೆಪ್ ಬ್ಯಾಕ್, ಸರ್!” ಎಂದ. ನಂಜಪ್ಪನವರು ಅವನಿಗೂ ಕೈಮುಗಿದು, ಚಿತ್ರಕ್ಕೂ ಕೈಮುಗಿದು ಹಿಂದೆ ಸರಿದರು.

ಅವರಿಗೆ ಆ ಚಿತ್ರಗಳ ಮೇಲಿದ್ದ ತಕರಾರು ಒಂದೇ. ಎಲ್ಲರೂ ಎಲ್ಲೋ ಒಂದು ಮೂಲೆಯಲ್ಲಿ ಕಡಲೆಕಾಳಿನಷ್ಟು ಜನರನ್ನು ಇಟ್ಟಿರುತ್ತಿದ್ದರು. ದನ ಕಾಯುವವನೋ, ಬಟ್ಟೆ ಒಗೆಯುವವಳೋ ಯಾರಾದರೂ ಒಬ್ಬರು. “ತಪ್ಪು, ತಪ್ಪು. ಪರದೆ ಮೇಲೆ ಜನ ಬರೀಬಾರದು. ಜನ ಮುಂದೆ ಬಂದು ನಿಲ್ತಾರೆ. ರಾಜ ಅಳ್ತಾ ಇರುವಾಗ ಹಿಂದೆ ಒಬ್ಬ ದನ ಕಾಯ್ತಾ ನಿಂತಿದ್ರೆ ಪ್ರೇಕ್ಷಕ ಯಾರನ್ನ ನೋಡ್ಬೇಕು?” ಇದು ಪರದೆಯಲ್ಲ ಅಂಕಲ್, ಚಿತ್ರ, ಇದರ ಮುಂದೆ ಯಾರೂ ನಾಟಕ ಆಡುವುದಿಲ್ಲ ಎಂದು ನಾನು ಹೇಳಿದರೆ, ನಮ್ಮಿಬ್ಬರ ಕಾಲು ತೋರಿಸಿ, “ನಾವು ನಿಂತಿಲ್ವಾ?” ಎನ್ನುತ್ತಿದ್ದರು.

ಚಿತ್ರ ನೋಡುವುದನ್ನು ನನಗೆ ಕಲಿಸಿದವರು ಅವರು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಮೊದಲು ಹುಡುಕಬೇಕು, ಗಿಡಮರ ಆಮೇಲೆ. ದೂರದ ಬೆಟ್ಟಕ್ಕೆ ಹಸಿರು ಇರುವುದಿಲ್ಲ, ನೀಲಿ ಇರುತ್ತದೆ. ಮೂರು ವರ್ಷ ಪಾಠ ಮಾಡಿದ್ದ ನನಗೆ ನದಿಯ ಉದ್ದಗಲ ಗೊತ್ತಿತ್ತು, ಅದು ಮಧ್ಯಾಹ್ನ ಮೂರು ಗಂಟೆಗೆ ಯಾವ ಬಣ್ಣಕ್ಕೆ ತಿರುಗುತ್ತದೆಂದು ಗೊತ್ತಿರಲಿಲ್ಲ. ಬುಧವಾರ ಬಂತೆಂದರೆ ನಾನು ಬೇಗ ಎದ್ದು ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿ ಅವರಿಗಿಂತ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದೆ.

ಅವರು ಒಂದು ಚಿತ್ರವನ್ನು ಹುಡುಕುತ್ತಿದ್ದಾರೆಂದು ನನಗೆ ತಿಳಿದದ್ದು ಜೂನ್ ತಿಂಗಳಲ್ಲಿ. ಚಿತ್ರಶಾಲೆಯ ಹೊರಗೆ ಬೆಂಚಿನ ಮೇಲೆ ಊಟ ಮುಗಿಸಿ, ಜುಬ್ಬಾದ ಜೇಬಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದರು. ಒಳಗೆ ನಾಲ್ಕು ಮಡಿಕೆಯ ಹಳದಿಗಟ್ಟಿದ ಕಾಗದ. ಅವರು ಇಪ್ಪತ್ತರ ಹುಡುಗನಾಗಿದ್ದಾಗ ಕಂಪನಿಯ ಯಜಮಾನರಿಗೆ ಯಾರೋ ಕೊಟ್ಟಿದ್ದ ಫಾರಿನ್ ಕ್ಯಾಲೆಂಡರಿನ ಚಿತ್ರ. ಎಡಕ್ಕೆ ಸಿಡಿಲು ಬಡಿದು ಮುರಿದ ಮರ, ಹಿಂದೆ ನೆತ್ತಿಯಲ್ಲಿ ಕಚ್ಚು ಬಿದ್ದ ನೀಲಿ ಬೆಟ್ಟ, ಅದರ ಬೆನ್ನಿನಿಂದ ಎದ್ದ ಸಂಜೆ ಬೆಳಕು. ಕೆಳಗಿನ ಮೂರನೇ ಒಂದು ಪಾಲು ಮಾತ್ರ ಇರಲಿಲ್ಲ. ಅಲ್ಲಿ ತಾರೀಖಿನ ಪುಸ್ತಕ ಅಂಟಿಸಿದ್ದರಂತೆ. ವರ್ಷ ಮುಗಿದ ಮೇಲೆ ಯಾರೋ ಅದನ್ನು ಎಳೆದಾಗ ಚಿತ್ರದ ಬುಡವೂ ಕಿತ್ತುಕೊಂಡು ಹೋಗಿತ್ತು.

“ಯಜಮಾನರು ಇದನ್ನ ಕೊಟ್ಟು, ಪರದೆ ಬರೀ ಅಂದ್ರು. ಮೇಲಿಂದು ಸರಿ. ಕೆಳಗೆ ಏನಿತ್ತೋ ದೇವರಿಗೇ ಗೊತ್ತು. ನನಗೆ ಒಂದು ಕೊಳ ಇರಬೇಕು ಅನ್ನಿಸ್ತು. ಬರ್ದೆ. ಕಮಲದ ಎಲೆ, ಬೆಟ್ಟದ ನೆರಳು, ಎಲ್ಲಾ ಬರ್ದೆ.”

ಆ ಕೊಳದ ಪರದೆ ಇಳಿಬಿಟ್ಟರೆ ಜನ ಚಪ್ಪಾಳೆ ಹೊಡೆಯುತ್ತಿದ್ದರಂತೆ. ಯಾವ ನಾಟಕವಾದರೂ ನಾಯಕ ನಾಯಕಿ ಮೊದಲು ಸಿಗುವುದು ಕೊಳದ ಪರದೆಯ ಮುಂದೆಯೇ ಆಗಬೇಕು. ಬೇರೆ ಕಂಪನಿಯವರೂ ಬರೆಸಿಕೊಂಡರು. ಹೀಗೆ ಅವರು ಇಪ್ಪತ್ತೆರಡು ಸಲ ಅದನ್ನು ಬರೆದಿದ್ದರು. ಆದರೆ ಅವರಿಗೆ ಕುಂಚ ಹಿಡಿಯುವುದನ್ನು ಕಲಿಸಿದ ಗುರುಗಳು ಮೊದಲ ದಿನವೇ ಬಂದು ನೋಡಿ, “ಈ ಕೊಳ ಎಲ್ಲಿಂದ ತಂದೆ? ಕಾಣದ್ದನ್ನ ಬರೆದರೆ ಅದು ಸುಳ್ಳು ಕಣೋ” ಎಂದು ತಿರುಗಿ ಹೋದವರು, ಸಾಯುವವರೆಗೂ ಆ ಪರದೆಗೆ ಕೈ ಹಚ್ಚಲಿಲ್ಲ.

“ಕೊಳ ಇತ್ತೋ ಇಲ್ವೋ, ಅದೊಂದು ನೋಡ್ಬೇಕು ತಾಯಿ. ಮೂಲ ಇಲ್ಲೇ ಎಲ್ಲೋ ಇದೆ ಅಂತ ನನ್ನ ಮನಸ್ಸು ಹೇಳುತ್ತೆ.”

ಸಣ್ಣ ಮಗು ಕಳೆದುಹೋದ ಆಟದ ಸಾಮಾನು ಕೇಳುವಂತೆ ಕೇಳಿದರು. ಇಲ್ಲ ಎನ್ನುವುದು ಹೇಗೆ? ಚಿತ್ರಕಾರನ ಹೆಸರಿಲ್ಲ, ಊರಿಲ್ಲ. ನನಗೆ ಇದ್ದದ್ದು ಸಮಯ ಮಾತ್ರ. ಕೌಂಟಿ ಲೈಬ್ರರಿಯಿಂದ ಒಂದು ಸಲಕ್ಕೆ ಹತ್ತು ಪುಸ್ತಕದಂತೆ ಹೊತ್ತು ತಂದು ಹಾಳೆ ಮಗುಚತೊಡಗಿದೆ. ಮೊದಲು ಡಚ್ಚರು, ಆಮೇಲೆ ಫ್ರೆಂಚರು, ಇಂಗ್ಲಿಷರು, ಕೊನೆಗೆ ನೂರೈವತ್ತು ವರ್ಷಗಳ ಹಿಂದೆ ಬೆಟ್ಟ ಕಾಡು ಸುತ್ತಿದ ಅಮೆರಿಕನ್ನರು. ಪ್ರಕಾಶ ಊಟಕ್ಕೆ ಕೂತರೆ ಮೇಜಿನ ಮೇಲೆ ತಟ್ಟೆಗೆ ಜಾಗವಿರುತ್ತಿರಲಿಲ್ಲ. “ಪಿಎಚ್‌ಡಿ ಮಾಡ್ತಿದೀಯಾ?” ಎಂದು ಛೇಡಿಸುತ್ತಿದ್ದ.

ಅದು ಸಿಕ್ಕಿದ್ದು ಸೆಪ್ಟೆಂಬರ್ ಮೊದಲ ವಾರ. ಅಂಗೈ ಅಗಲದ, ಕಪ್ಪುಬಿಳುಪಿನ ಅಚ್ಚು. ಮುರಿದ ಮರ, ಕಚ್ಚು ಬಿದ್ದ ಬೆಟ್ಟ. ನನ್ನ ಕಣ್ಣು ಕೆಳಕ್ಕೆ ಹೋಯಿತು. ಅಲ್ಲಿ ಕೊಳ ಇರಲಿಲ್ಲ.

ಏನು ಮಾಡಲಿ? ಸುಮ್ಮನಿದ್ದುಬಿಡೋಣವೇ ಎಂದು ಒಂದು ದಿನವಿಡೀ ಯೋಚಿಸಿದೆ. ಇಪ್ಪತ್ತೆರಡು ಕೊಳ ಬರೆದ ಮನುಷ್ಯನಿಗೆ ಕೊಳವೇ ಇರಲಿಲ್ಲ ಎಂದು ಹೇಳುವ ಬಾಯಿ ನನಗಿರಲಿಲ್ಲ. ಆದರೆ ಸಿಕ್ಕಿದ್ದನ್ನು ಬಚ್ಚಿಡುವ ಹಕ್ಕೂ ನನ್ನದಲ್ಲ ಅನ್ನಿಸಿತು. ಮರುದಿನ ಪುಸ್ತಕ ಒಯ್ದು, ಚಿತ್ರದ ಕೆಳಭಾಗದ ಮೇಲೆ ಬೆರಳು ಒತ್ತಿ ಹಿಡಿದು, “ಇದೇನಾ ನೋಡಿ ಅಂಕಲ್” ಎಂದೆ. ಕ್ಯಾಲೆಂಡರಿನ ಹಾಳೆ ಪಕ್ಕದಲ್ಲಿಟ್ಟು ಕೊಂಬೆ ಕೊಂಬೆ ಹೋಲಿಸಿದರು.

“ಇದೇ. ಇದೇ ತಾಯಿ. ಕೈ ತೆಗೀಬೇಡಿ!” ಎಂದು ಕಿರುಚಿದರು. ಅಡುಗೆಮನೆಯಿಂದ ಶೈಲಾ ಓಡಿಬಂದಳು. “ಅಪ್ಪ, ಸಿಕ್ತಲ್ಲ, ನೋಡಿಬಿಡಿ. ಅದಕ್ಯಾಕೆ ಅಷ್ಟು ಟೆನ್ಶನ್ನು?”

“ಅಚ್ಚಿನಲ್ಲಿ ಬೇಡಮ್ಮ. ಒಂದು ಸಲ ಅಚ್ಚನ್ನ ನಂಬಿ ಕೆಟ್ಟಿದೀನಿ. ನೋಡಿದ್ರೆ ಮೂಲಾನೇ ನೋಡ್ತೀನಿ.”

ಮೂಲ ಇದ್ದದ್ದು ಉತ್ತರ ಕೆರೊಲಿನಾದಲ್ಲಿ, ಷಾರ್ಲೆಟ್‌ನಿಂದ ಮುಕ್ಕಾಲು ಗಂಟೆಯ ಒಂದು ಊರಿನ ಪುಟ್ಟ ಮ್ಯೂಸಿಯಮ್ಮಿನಲ್ಲಿ. ಹರ್ನ್‌ಡನ್ನಿನಿಂದ ಏಳು ಗಂಟೆಯ ದಾರಿ. ಅವರು ಊರಿಗೆ ಹೊರಡಲು ಉಳಿದದ್ದು ನಾಲ್ಕು ವಾರ. ಶೈಲಾಳಿಗಾಗಲಿ ಅವಳ ಗಂಡನಿಗಾಗಲಿ ರಜೆ ಇಲ್ಲ. ಪ್ರಕಾಶನ ಪ್ರಾಜೆಕ್ಟು ವಾರಾಂತ್ಯವನ್ನೂ ತಿನ್ನುತ್ತಿತ್ತು. ಉಳಿದವಳು ನಾನು. ಲೈಸೆನ್ಸ್ ಸಿಕ್ಕಿ ಮೂರು ತಿಂಗಳಾಗಿತ್ತು. ಎರಡು ಸಲ ಫೇಲಾಗಿ ಪಾಸಾದವಳು, ಹೈವೇಗೆ ಸೇರಬೇಕಾದ ಕಡೆ ಬ್ರೇಕು ಒತ್ತಿ ಹಿಂದಿನವರ ಕೈಲಿ ಹಾರನ್ನು ಹೊಡೆಸಿಕೊಳ್ಳುವವಳು. “ನಾನು ಕರ್ಕೊಂಡು ಹೋಗ್ತೀನಿ” ಎಂದು ನನ್ನ ಬಾಯಿಂದ ಬಂದಾಗ ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವಳು ನಾನೇ.

ಅದರ ನಡುವೆ ಇನ್ನೊಂದು ಕೆಲಸ ನಡೆದಿತ್ತು. ನವೆಂಬರಿನಲ್ಲಿ ಕನ್ನಡದವರೆಲ್ಲ ಸೇರಿ ಆಡಲಿದ್ದ ನಾಟಕಕ್ಕೆ ಪರದೆ ಬೇಕಿತ್ತು. ನಂಜಪ್ಪನವರು ನಮ್ಮ ಗರಾಜಿನಲ್ಲಿ ಇಪ್ಪತ್ತಮೂರನೆಯ ಕೊಳದ ಪರದೆ ಬರೆದರು. ನೆಲಕ್ಕೆ ಹಾಸುವ ಪೇಂಟರ್ ಬಟ್ಟೆ ತಂದುಕೊಟ್ಟರೆ, “ನೆಲಕ್ಕೆ ಹಾಸೋ ಬಟ್ಟೇನೇ ಇಷ್ಟು ಚೆನ್ನಾಗಿದೆಯಲ್ಲ! ನಮ್ಮ ಯಜಮಾನರು ಇದನ್ನ ಕಂಡಿದ್ರೆ ಅತ್ತುಬಿಡ್ತಿದ್ರು” ಎಂದರು. ಮೂರು ವಾರ ನಮ್ಮ ಕಾರು ಹೊರಗೆ ನೆನೆಯಿತು. ಕಮಲದ ಎಲೆಗಳು ಒಂದೊಂದಾಗಿ ತೇಲಿ ಬರುವುದನ್ನು ನೋಡುವಾಗಲೆಲ್ಲ ಏನಾದರೂ ನೆಪ ಹೇಳಿ ಮನೆಯೊಳಗೆ ಹೋಗಿಬಿಡುತ್ತಿದ್ದೆ. ಅವರು ಬರೆಯುತ್ತಿದ್ದ ನೀರು ಮೂಲದಲ್ಲಿಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ.

ಸೆಪ್ಟೆಂಬರ್ ಕೊನೆಯ ಶುಕ್ರವಾರ ಹೊರಟೆವು. ರಾತ್ರಿ ಷಾರ್ಲೆಟ್ಟಿನ ನನ್ನ ಚಿಕ್ಕಮ್ಮನ ಮಗಳ ಮನೆ, ಮರುದಿನ ಬೆಳಿಗ್ಗೆ ಮ್ಯೂಸಿಯಂ ಎಂಬ ಏರ್ಪಾಡು. ಮೊದಲ ದೊಡ್ಡ ಹೈವೇಗೆ ಸೇರುವಾಗ ನನ್ನ ಕೈ ಬೆವರಿ ಸ್ಟೀರಿಂಗು ಜಾರುತ್ತಿತ್ತು. ಪಕ್ಕದಲ್ಲಿ ಕೂತ ನಂಜಪ್ಪನವರು ಟವಲನ್ನು ನನ್ನ ತೊಡೆಯ ಮೇಲೆ ಇಟ್ಟರು. “ಕೈ ಒರೆಸ್ಕೊಳ್ಳಿ. ನಾಟಕದಲ್ಲೂ ಹೀಗೇ ತಾಯಿ, ರಂಗಪ್ರವೇಶ ಒಂದೇ ಕಷ್ಟ. ಒಳಗೆ ಕಾಲಿಟ್ಟ ಮೇಲೆ ಮಾತು ತಾನೇ ಬರುತ್ತೆ. ಹ್ಞೂಂ, ಪ್ರವೇಶ!” ನಾನು ಆಕ್ಸಲರೇಟರ್ ಒತ್ತಿದೆ. ಎರಡು ಲಾರಿಗಳ ನಡುವೆ ತೂರಿ ಒಳಗೆ ಸೇರಿಕೊಂಡೆ. ಅವರು ಚಪ್ಪಾಳೆ ಹೊಡೆದರು. ಆಮೇಲೆ ಪ್ರತಿ ಸಲವೂ “ಪ್ರವೇಶ!” ಎನ್ನುವರು, ನಾನು ನುಗ್ಗುವೆ.

ಕೆರೊಲಿನಾ ಗಡಿ ದಾಟಿದ ಮೇಲೆ ಒಮ್ಮೆ ಮೆಲ್ಲಗೆ ಕೇಳಿದರು. “ನೀರು ಇದೆಯಾ? ಅಷ್ಟು ಮಾತ್ರ ಹೇಳಿ.” ನಾನು ಬಾಯಿ ತೆರೆಯುವ ಮೊದಲೇ, “ಬೇಡ, ಬೇಡ. ಹೇಳ್ಬೇಡಿ” ಎಂದು ಕಿಟಕಿ ಕಡೆ ತಿರುಗಿಕೊಂಡರು.

ಮ್ಯೂಸಿಯಮ್ಮಿನಲ್ಲಿ ನಮ್ಮನ್ನು ಬಿಟ್ಟರೆ ಒಬ್ಬ ಅಜ್ಜಿ ಮಾತ್ರ ಇದ್ದಳು, ಟಿಕೆಟ್ ಕೊಡುವವಳು. ಎರಡನೆಯ ಕೋಣೆಯ ಮೂಲೆಯಲ್ಲಿ ಆ ಚಿತ್ರ ತೂಗುತ್ತಿತ್ತು. ಮೊದಲ ಆಶ್ಚರ್ಯ ಅದರ ಗಾತ್ರ. ನಾವಿಬ್ಬರೂ ಗೋಡೆ ತುಂಬುವ ಚಿತ್ರ ಇರುತ್ತದೆ ಅಂದುಕೊಂಡಿದ್ದೆವು. ಅದು ಕಾಫಿ ಲೋಟ ಇಡುವ ತಟ್ಟೆಯಷ್ಟಿತ್ತು. ನಂಜಪ್ಪನವರು ಶೂ ಬಿಚ್ಚಿ ಬದಿಗಿಟ್ಟರು.

ಮೇಲಿನಿಂದ ಶುರುಮಾಡಿದರು. ಬೆಳಕು, ಬೆಟ್ಟ, ಮರ. “ಬೆಟ್ಟಕ್ಕೆ ನಾನು ನೀಲಿ ಜಾಸ್ತಿ ಹಾಕ್ಬಿಟ್ಟಿದ್ದೆ” ಎಂದರು. ನಿಧಾನವಾಗಿ ಅವರ ತಲೆ ಕೆಳಕ್ಕೆ ಬಾಗಿತು. ಅಲ್ಲಿ ಒಣ ಬಂಡೆ. ಬಂಡೆಯ ಮೇಲೆ ಕಡಲೆಕಾಳಿನಷ್ಟು ಒಬ್ಬ ಮನುಷ್ಯ, ಕೆಂಪು ಕೋಟು, ಹುಲ್ಲಿನ ಟೋಪಿ, ನಮಗೆ ಬೆನ್ನು. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಅದೇ ಬೆಟ್ಟವನ್ನು ಬರೆಯುತ್ತ ಕೂತಿದ್ದಾನೆ.

ಅವರ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು “ಅಂಕಲ್” ಎಂದು ತೋಳು ಹಿಡಿದೆ. ಅವರು ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

“ಅಯ್ಯೋ ದೇವರೇ! ಇವನು ಇಲ್ಲೇ ಕೂತಿದ್ನಲ್ಲ ತಾಯಿ! ಪಾಪ, ತನ್ನ ಪಾಡಿಗೆ ಬರ್ಕೊಂಡು ಕೂತಿದ್ದ. ನಾನು ಇವನ ತಲೆ ಮೇಲೆ ಕೊಳ ತಂದು ಸುರಿದುಬಿಟ್ನಲ್ಲ! ಇಪ್ಪತ್ತಮೂರು ಸಲ ಮುಳುಗಿಸಿದೀನಿ ಬಡ್ಡೀಮಗನ್ನ!”

ಟವಲಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಹೇಳಿದ್ದು ಬೇರೆಯೇ ದನಿಯಲ್ಲಿ. “ಗುರುಗಳು ಹೇಳಿದ್ದು ಸರಿ. ಸುಳ್ಳೇ ಬರ್ದಿದ್ದೆ. ಆದ್ರೆ ಚೆನ್ನಾಗಿ ಬರ್ದಿದ್ದೆ ಕಣಮ್ಮ. ಜನ ಆ ನೀರನ್ನ ನಂಬಿದ್ರು.” ಕೆಂಪು ಕೋಟಿನವನತ್ತ ಬೆರಳು ಮಾಡಿ, “ಇವನು ತನ್ನನ್ನ ತಾನೇ ಬರ್ಕೊಂಡಿದಾನೆ ನೋಡಿ. ನಮ್ಮಲ್ಲಿ ಹಾಗಿಲ್ಲ. ಪರದೆ ಮೇಲೆ ಕಂಪನಿ ಹೆಸರು ಬರೀತಿದ್ವಿ, ಯಜಮಾನರ ಹೆಸರು ಬರೀತಿದ್ವಿ. ಬರೆದೋನು ಅಂತ ಒಬ್ಬ ಇದ್ದ ಅನ್ನೋದೇ ಯಾರಿಗೂ ಗೊತ್ತಾಗ್ತಿರ್ಲಿಲ್ಲ” ಎಂದರು. ಅದರಲ್ಲಿ ದೂರು ಇರಲಿಲ್ಲ. ಆದರೂ ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಟವಲು ಈ ಸಲವೂ ನನ್ನ ಕೈಗೆ ಬಂತು.

ಹಿಂದಿರುಗುವ ದಾರಿಯಲ್ಲೂ ಪ್ರತಿ ಹೈವೇಗೆ “ಪ್ರವೇಶ!” ಎನ್ನುವುದನ್ನು ಅವರು ಮರೆಯಲಿಲ್ಲ.

ಊರಿಗೆ ಹೊರಡುವ ಹಿಂದಿನ ದಿನ ಗರಾಜಿನ ಬೀಗದ ಕೈ ಕೇಳಿದರು. ಪರದೆ ಮುಗಿದು ಸುತ್ತಿಟ್ಟಾಗಿತ್ತು. “ಒಂಚೂರು ಟಚಪ್ಪು ಬಾಕಿ ಇದೆ” ಎಂದು ಒಳಗೆ ಹೋದವರು ಎರಡು ಗಂಟೆ ಬಿಟ್ಟು ಬಂದರು. ಮರುದಿನ ವಾಷಿಂಗ್ಟನ್ನಿನ ಡಲ್ಲಸ್ ಏರ್‌ಪೋರ್ಟಿಗೆ ಕಾರು ಓಡಿಸಿದ್ದು ನಾನೇ. ಸೆಕ್ಯುರಿಟಿಯ ಸಾಲಿನ ಮುಂದೆ ಒಂದು ಕಣ್ಣು ಮುಚ್ಚಿ ಆ ಎತ್ತರದ ಹಜಾರವನ್ನು ನೋಡಿದರು. ಪ್ರಶ್ನೆ ಬರುತ್ತದೆಂದು ಕಾದೆ. ಕೇಳಲಿಲ್ಲ. ಶೈಲಾಳ ತಲೆ ಸವರಿ, ನನಗೆ ಕೈಮುಗಿದು, ಸಾಲಿನೊಳಗೆ ಸೇರಿಕೊಂಡರು. ತಿರುವಿನಲ್ಲಿ ಟವಲಿನ ಕೆಂಪಂಚು ಕಂಡಿತು, ಆಮೇಲೆ ಅದೂ ಕಾಣಲಿಲ್ಲ.

ನವೆಂಬರಿನ ನಾಟಕದಲ್ಲಿ ಪರದೆ ಬಿಟ್ಟೊಡನೆ ಸಭೆಯಲ್ಲಿ ಚಪ್ಪಾಳೆ ಬಿತ್ತು. ಪಾತ್ರಧಾರಿಗಳು ಮುಂದೆ ನಿಂತಿದ್ದರು, ದೀಪ ಅವರ ಮೇಲಿತ್ತು. ಆಮೇಲೆ ಅದು ಕೊಳವೆಗೆ ಸುತ್ತಿಕೊಂಡು ನಮ್ಮ ಗರಾಜಿನ ಗೋಡೆಗೆ ಒರಗಿತು, ಅಲ್ಲೇ ಉಳಿಯಿತು. ನಂಜಪ್ಪನವರು ಮತ್ತೆ ಬರಲಿಲ್ಲ. ಯುಗಾದಿಗೆ ಫೋನು ಮಾಡಿದರೆ, “ಮೋಡಪ್ಪ ಹೇಗಿದಾನೆ? ಹೋಗಿ ಮಾತಾಡಿಸ್ಕೊಂಡು ಬನ್ನಿ” ಎನ್ನುತ್ತಿದ್ದರು. ನಾನು ಹೋಗುತ್ತಿದ್ದೆ.

೨೦೦೭ರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಶೈಲಾ ಬಾಗಿಲು ತಟ್ಟಿ, “ಅಪ್ಪ ಹೋಗ್ಬಿಟ್ರು ಕಣೆ” ಎಂದಳು. ನಿದ್ದೆಯಲ್ಲೇ ಹೋದರಂತೆ. ಅವಳನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆ. ಆ ಹೊತ್ತಿಗೆ ನನಗೂ ಕೆಲಸದ ವೀಸಾ ಸಿಕ್ಕಿ, ದಿನಾ ಟೋಲ್ ರೋಡಿನಲ್ಲಿ ಹೋಗಿ ಬರುವವಳಾಗಿದ್ದೆ. ಪ್ರತಿ ದಿನ ಹೈವೇಗೆ ಸೇರುವಾಗ ಮನಸ್ಸಿನಲ್ಲೇ “ಪ್ರವೇಶ!” ಅಂದುಕೊಳ್ಳುತ್ತಿದ್ದೆ. ಆ ದಿನ ಅದು ಬರಲಿಲ್ಲ. ಕೆಲಸಕ್ಕೆ ರಜೆ ಹೇಳಿ ಗರಾಜಿಗೆ ಹೋದೆ. ಕಾರನ್ನು ಹೊರಗೆ ನಿಲ್ಲಿಸಿ, ಮೂರೂವರೆ ವರ್ಷ ಮುಟ್ಟದಿದ್ದ ಪರದೆಯನ್ನು ನೆಲದ ಮೇಲೆ ಬಿಡಿಸಿದೆ.

ಬೆಟ್ಟ, ಮುರಿದ ಮರ, ನಡುವೆ ಪಾತ್ರಧಾರಿಗೆ ಬಿಟ್ಟ ಬಯಲು. ಕೊಳ ಇದ್ದಲ್ಲೇ ಇತ್ತು, ಕಮಲದ ಎಲೆಗಳೂ. ಮಂಡಿಯೂರಿ ಹತ್ತಿರದಿಂದ ನೋಡಿದೆ. ಬಲ ಮೂಲೆಯಲ್ಲಿ, ದಡದ ಹುಲ್ಲಿನ ಮೇಲೆ, ಮೊದಲು ಇರದಿದ್ದ ಏನೋ ಕಂಡಿತು. ಪೊದೆಯ ಮೇಲೆ ಒಂದು ಕೆಂಪು ಕೋಟು ಒಣಹಾಕಿತ್ತು. ಅದರ ಪಕ್ಕದಲ್ಲಿ ಟೋಪಿ ಬೋರಲು ಬಿದ್ದಿತ್ತು. ಬರೀ ಅಂಗಿಯಲ್ಲಿ, ಮೈಯೆಲ್ಲ ತೊಟ್ಟಿಕ್ಕುತ್ತ, ಹಲಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಬಿಳಿಯ ಮನುಷ್ಯ ಕೂತಿದ್ದ. ಅವನ ಬಳಿ ಬಿಳಿ ಪಂಚೆಯ, ಕಡ್ಡಿಯಂಥ ಇನ್ನೊಬ್ಬ ಕೂತು, ಹೆಗಲಿನಿಂದ ತೆಗೆದ ಟವಲನ್ನು ಅವನತ್ತ ಚಾಚಿದ್ದ.

ಪರದೆ ಮೇಲೆ ಜನ ಬರೆಯಬಾರದು ಎಂದವರೇ ಬರೆದಿದ್ದರು. ನೆಲದ ಮೇಲೆ ಕೂತು ನಗುತ್ತ ಅಳುತ್ತ ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಮುಖಗಳು ಕಾಣುತ್ತಿರಲಿಲ್ಲ, ಇಬ್ಬರದೂ ನನ್ನ ಕಡೆಗೆ ಬೆನ್ನು. ಆದರೆ ಟವಲಿಗೆ, ಒಂದೇ ಒಂದು ಕೂದಲಿನ ಕುಂಚದಲ್ಲಿ ಎಳೆದಿರಬೇಕು, ಕೆಂಪಂಚು ಇತ್ತು.